ನೆನಪು ಉಳಿಯಲಿ, ಯಂತ್ರ ತಂಪಾಗಿರಲಿ



"ಅಂಗಡಿಯ ಸಿದ್ಧ ಕಂಪ್ಯೂಟರ್ ಬೇಡಪ್ಪಾ, ಬಿಡಿಭಾಗ ತಂದು ನಾನೇ ಜೋಡಿಸುತ್ತೇನೆ" ಎಂಬ ಮಾತು ಈಗ ಕಾಲೇಜು ಮಕ್ಕಳಿರುವ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ವಾಸ್ಕೋ, ಮಡಗಾಂವ್, ಮಾಪುಸಾಗಳಲ್ಲಿ ದುಡಿದು ಬದುಕು ಕಟ್ಟಿಕೊಂಡಿರುವ ನಮ್ಮ ಕನ್ನಡ ಕುಟುಂಬಗಳಿಗೆ ಇದು ಸಣ್ಣ ಖರ್ಚಲ್ಲ. ಪ್ರೊಸೆಸರ್ ಯಾವುದಿರಬೇಕೆಂದು ಮಕ್ಕಳು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಮಾಹಿತಿ ಕಾಪಾಡುವ ಡಿಸ್ಕನ್ನೂ ಯಂತ್ರವನ್ನು ತಂಪಾಗಿಡುವ ಕೂಲರನ್ನೂ ಮಾತ್ರ ಕೊನೆಗೆ ಉಳಿದ ಹಣದಲ್ಲಿ ಆರಿಸುತ್ತಾರೆ. ಗೋವಾದ ಹವೆಯಲ್ಲಿ ಈ ಎರಡನ್ನೇ ಮೊದಲು ಯೋಚಿಸಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ಡಿಸ್ಕಿನ ವಿಷಯ. ಹಳೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ತಿರುಗುತ್ತವೆ. ಅದು ಸೆಕೆಂಡಿಗೆ ಸುಮಾರು 150ರಿಂದ 200 ಎಂಬಿ ಓದುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಸಾಟಾ ಮಾದರಿಯದು ಸುಮಾರು 550 ಎಂಬಿ ಓದಿದರೆ, ಮದರ್‌ಬೋರ್ಡಿಗೆ ನೇರವಾಗಿ ಕೂರುವ ಎನ್‌ವಿಎಂಇ ಮಾದರಿಯದು 3,000 ಎಂಬಿಗೂ ಮೀರಿ ಓದಬಲ್ಲದು. ಆದ್ದರಿಂದ ವಿಂಡೋಸ್ ಮತ್ತು ದಿನನಿತ್ಯದ ಕೆಲಸಕ್ಕೆ 500 ಜಿಬಿ ಅಥವಾ 1 ಟಿಬಿಯ ಒಂದು ಎಸ್‌ಎಸ್‌ಡಿ ಇರಲಿ. ಬೆರಳಗಲದ ಈ ಪಟ್ಟಿಗಳು ನೋಡಲು ಒಂದೇ ಥರ ಇದ್ದರೂ ಕೆಲವು ಸಾಟಾ, ಕೆಲವು ಎನ್‌ವಿಎಂಇ. ನಿಮ್ಮ ಬೋರ್ಡು ಯಾವುದನ್ನು ಒಪ್ಪುತ್ತದೆಂದು ಅದರ ಕೈಪಿಡಿಯಲ್ಲಿ ನೋಡಿಯೇ ಹಣ ಕೊಡಿ.

ಆದರೆ ವೇಗವೇ ಎಲ್ಲವೂ ಅಲ್ಲ. ವಂ. ಥಾಮಸ್ ಸ್ಟೀಫನ್ಸ್ ಅವರ 'ಕ್ರಿಸ್ತಪುರಾಣ' ಇದೇ ಗೋವಾದ ರಾಚೋಲ್‌ನಲ್ಲಿ 1616ರಲ್ಲಿ ಅಚ್ಚಾಯಿತು. 1649 ಮತ್ತು 1654ರಲ್ಲಿ ಮರುಮುದ್ರಣವನ್ನೂ ಕಂಡಿತು. ಆ ಮೂರು ಮುದ್ರಣಗಳ ಒಂದು ಪ್ರತಿಯೂ ಇಂದು ಸಿಕ್ಕಿಲ್ಲ. ಆದರೂ ಕೃತಿ ಉಳಿದಿದೆ. ಹೇಗೆ? ಜನರು ಅದನ್ನು ಕೈಯಿಂದ ನಕಲು ಮಾಡಿ ಬೇರೆ ಬೇರೆ ಕಡೆ ಇಟ್ಟುಕೊಂಡಿದ್ದರು. ಅಂಥ ಹಸ್ತಪ್ರತಿಗಳ ಆಧಾರದಿಂದಲೇ 1907ರಲ್ಲಿ ಮಂಗಳೂರಿನಲ್ಲಿ ಅದು ಮತ್ತೆ ಅಚ್ಚಾಯಿತು.

ನಮ್ಮ ಮದುವೆ, ನಾಮಕರಣಗಳ ಫೋಟೋ, ಊರಲ್ಲಿರುವ ಅಜ್ಜಿಯ ದನಿ, ಮಕ್ಕಳ ಅಂಕಪಟ್ಟಿ ಇವೆಲ್ಲ ಒಂದೇ ಡಿಸ್ಕಿನಲ್ಲಿದ್ದರೆ ಅವು ಇದ್ದೂ ಇಲ್ಲದಂತೆ. ಎಸ್‌ಎಸ್‌ಡಿ ಕೆಡುವಾಗ ಕೆಲವೊಮ್ಮೆ ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ. ದೀರ್ಘಕಾಲ ವಿದ್ಯುತ್ ಇಲ್ಲದೆ ಬೀರುವಿನಲ್ಲಿಟ್ಟರೆ ಅದರಲ್ಲಿರುವುದು ಮಾಸಿಹೋಗಲೂ ಬಹುದು. ಆದುದರಿಂದ ಒಂದು ಹೊರಗಿನ ಹಾರ್ಡ್ ಡಿಸ್ಕ್ ಕೊಂಡು ತಿಂಗಳಿಗೊಮ್ಮೆ ನಕಲು ಮಾಡಿ. ಕೆಲಸ ಮುಗಿದ ಮೇಲೆ ಅದನ್ನು ಕಳಚಿ ಬೇರೆಡೆ ಇಡಿ. ಇನ್ನೊಂದು ಪ್ರತಿ ಊರಿನ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಇನ್ನು ತಂಪಿನ ವಿಷಯ. ಗಾಳಿಯಿಂದ ಕೆಲಸ ಮಾಡುವ ಯಾವ ಕೂಲರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಮೇ ತಿಂಗಳಲ್ಲಿ ಕೋಣೆಯೇ 33 ಡಿಗ್ರಿ ಇದ್ದರೆ ಲೆಕ್ಕ ಅಲ್ಲಿಂದಲೇ ಆರಂಭ. ಬಹುತೇಕ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ತಲುಪುತ್ತಲೇ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಅಂದರೆ ನೀವು ಹಣ ಕೊಟ್ಟ ವೇಗ ನಿಮಗೆ ಸಿಗುವುದಿಲ್ಲ.

ಇದಕ್ಕೆ ದುಬಾರಿ ಲಿಕ್ವಿಡ್ ಕೂಲರ್ ಬೇಕಿಲ್ಲ. 65 ವ್ಯಾಟಿನ ಸಾಧಾರಣ ಪ್ರೊಸೆಸರಿಗೆ ಪೆಟ್ಟಿಗೆಯಲ್ಲಿ ಬರುವ ಕೂಲರ್ ಅಥವಾ ಕಡಿಮೆ ಬೆಲೆಯ ಟವರ್ ಕೂಲರ್ ಸಾಕು. ಟವರ್ ಕೂಲರಿನ ಎತ್ತರ ಕ್ಯಾಬಿನೆಟ್ಟಿನೊಳಗೆ ಹಿಡಿಸುತ್ತದೆಯೇ ಎಂದು ಮೊದಲೇ ನೋಡಿ. ಮುಂಭಾಗದಲ್ಲಿ ಗಾಜಿನ ಬದಲು ಜಾಲರಿ ಇರುವ ಕ್ಯಾಬಿನೆಟ್ ಆರಿಸಿ. ಮುಂದಿನ ಫ್ಯಾನು ಗಾಳಿ ಒಳಗೆ ಎಳೆಯಲಿ, ಹಿಂದಿನದು ಹೊರಗೆ ತಳ್ಳಲಿ. ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಕೂಲರಿನ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಇದ್ದರೆ ಅದನ್ನು ಕೀಳಲು ಮರೆಯಬೇಡಿ.

ಮಾರ್ಮಗೋವಾ ಬಂದರಿನ ಕಲ್ಲಿದ್ದಲು ದೂಳಿನ ಬಗ್ಗೆ ವಾಸ್ಕೋ ನಿವಾಸಿಗಳು ಬಹುಕಾಲದಿಂದ ದೂರುತ್ತಾ ಬಂದಿದ್ದಾರೆ. ಅಂಥ ಕಡೆ ದೂಳು ತಡೆಯುವ ಫಿಲ್ಟರ್ ಇರಲೇಬೇಕು, ತಿಂಗಳಿಗೊಮ್ಮೆ ಅದನ್ನು ಶುಚಿಗೊಳಿಸಬೇಕು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ನಾಡಿದು. ಮಳೆಗಾಲದಲ್ಲಿ ಯಂತ್ರವನ್ನು ಒದ್ದೆ ಗೋಡೆಗೆ ಒತ್ತಿ ಇಡಬೇಡಿ. ವಾರಗಟ್ಟಲೆ ಮುಚ್ಚಿಡುವ ಬದಲು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಚಾಲೂ ಮಾಡಿದರೆ ಅದರದೇ ಬಿಸಿಗೆ ತೇವ ಆರುತ್ತದೆ.

ತಂದೆತಾಯಿಯರೇ, ಮಕ್ಕಳು ಬರೆದು ತರುವ ಪಟ್ಟಿಯನ್ನು ಅವರ ಜೊತೆ ಕುಳಿತು ಓದಿರಿ. ತಿಳಿಯದ್ದನ್ನು ಕೇಳಿರಿ, ಅವರು ಸಂತೋಷದಿಂದ ವಿವರಿಸುತ್ತಾರೆ. ಬಣ್ಣದ ದೀಪ ಮಿನುಗುವ ಫ್ಯಾನುಗಳು ಪಟ್ಟಿಯಲ್ಲಿದ್ದು, ನಕಲಿಗೆ ಬೇಕಾದ ಎರಡನೆಯ ಡಿಸ್ಕ್ ಇಲ್ಲದಿದ್ದರೆ, ಪ್ರೀತಿಯಿಂದಲೇ ಅದಲುಬದಲು ಮಾಡಿಸಿರಿ. ದೀಪಗಳನ್ನು ಮುಂದಿನ ವರ್ಷವೂ ಕೊಳ್ಳಬಹುದು. ಅಜ್ಜಿಯ ದನಿಯನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.