ಮಾಡಿದ ತಪ್ಪು, ಮರೆಮಾಚಿದ ತಪ್ಪು



ರೋಗಿಯ ಶುಶ್ರೂಷೆ ನಂಬಿಕೆಯ ಮೇಲೆ ನಿಂತ ಕಾಯಕ. ಅರಿವು ತಪ್ಪಿ ಮಲಗಿದ ಜೀವವು ತನ್ನ ದೇಹವನ್ನೂ, ಔಷಧದ ಅಳತೆಯನ್ನೂ, ದಿಂಬಿನ ಕೆಳಗಿನ ಹಣವನ್ನೂ ದಾದಿಯ ಕೈಗೆ ಒಪ್ಪಿಸಿರುತ್ತದೆ. ಆ ದಾದಿ ಹಿಂದೊಮ್ಮೆ ನ್ಯಾಯಾಲಯದಲ್ಲಿ ಅಪರಾಧಿಯೆನಿಸಿದ್ದರೆ ಕಾಯಕದಲ್ಲಿ ಮುಂದುವರಿಯಬಹುದೇ?

ನಮ್ಮ ನಾಡಿನಲ್ಲಿ ಕಲಿತ ಅನೇಕ ದಾದಿಯರು ಬ್ರಿಟನ್ನಿನಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಆದ್ದರಿಂದ ಅಲ್ಲಿನ ಕ್ರಮವನ್ನು ನೋಡೋಣ. ಅಲ್ಲಿ ದಾದಿಯರ ನೋಂದಣಿಗೆ ಕಾಯಿದೆ ಬಂದದ್ದು 1919ರಲ್ಲಿ. 2002ರಿಂದ ಆ ಹೊಣೆ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲಿನದು. ಪೊಲೀಸರು ಆರೋಪ ಹೊರಿಸಿದರೆ ಅಥವಾ ವಿಧ್ಯುಕ್ತ ಎಚ್ಚರಿಕೆ ಕೊಟ್ಟರೆ, ದಾದಿಯು ಅದನ್ನು ಆದಷ್ಟು ಬೇಗ ಕೌನ್ಸಿಲಿಗೂ ತನಗೆ ಕೆಲಸ ಕೊಟ್ಟವರಿಗೂ ತಿಳಿಸಬೇಕು. ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗಲೂ ಈ ಪ್ರಶ್ನೆ ಎದುರಾಗುತ್ತದೆ.

ವಿಚಾರಣಾ ಸಮಿತಿಯ ಉದ್ದೇಶ ಎರಡನೆಯ ಸಲ ದಂಡಿಸುವುದಲ್ಲ. ರೋಗಿಗಳ ರಕ್ಷಣೆ ಮತ್ತು ವೃತ್ತಿಯ ಮೇಲಿನ ಜನರ ವಿಶ್ವಾಸ. ಈ ದೋಷ ತಿದ್ದಿಕೊಳ್ಳಬಹುದಾದದ್ದೇ? ತಿದ್ದಿಕೊಂಡಿದ್ದಾರೆಯೇ? ಮರುಕಳಿಸುವ ಸಂಭವವಿದೆಯೇ? ಹೀಗೆ ಅದು ನಿನ್ನೆಯ ಕೃತ್ಯದ ಮೂಲಕ ಇಂದಿನ ಮನುಷ್ಯನನ್ನು ಅಳೆಯುತ್ತದೆ. ಒಂದರಿಂದ ಐದು ವರ್ಷಗಳ ಎಚ್ಚರಿಕೆ, ಷರತ್ತುಗಳೊಡನೆ ಸೇವೆ, ಒಮ್ಮೆಗೆ ಗರಿಷ್ಠ ಒಂದು ವರ್ಷದ ಅಮಾನತು, ಕೊನೆಗೆ ಪಟ್ಟಿಯಿಂದ ಹೆಸರನ್ನೇ ತೆಗೆಯುವುದು: ಇವು ಅದರ ಕೈಯಲ್ಲಿರುವ ಕ್ರಮಗಳು. ಹೆಸರು ಹೋದವರೂ ಐದು ವರ್ಷಗಳ ನಂತರ ಮರಳಿ ಅರ್ಜಿ ಸಲ್ಲಿಸಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಒಮ್ಮೆ ಮದ್ಯಪಾನ ಮಾಡಿ ವಾಹನ ಚಲಾಯಿಸಿದ ದೋಷವನ್ನು ತಿದ್ದಿಕೊಳ್ಳಬಹುದು. ಅದನ್ನು ಮರೆಮಾಚಿ ಅರ್ಜಿಯಲ್ಲಿ "ಇಲ್ಲ" ಎಂದು ಬರೆದರೆ, ಆ ಒಂದು ಶಬ್ದ ಬೇರೆಯೇ ತಪ್ಪಾಗುತ್ತದೆ. ಕುಡಿತವನ್ನು ಬಿಟ್ಟೆನೆಂದು ತೋರಿಸಲು ಸಾಧ್ಯ. ಸುಳ್ಳನ್ನು ಬಿಟ್ಟೆನೆಂದು ತೋರಿಸುವುದು ಬಲು ಕಷ್ಟ.

"ನಿಜ ಹೇಳಿದರೆ ಅನ್ನವೇ ಹೋಗುವುದಲ್ಲ!" ಎಂದು ಕೆಲವರು ಕೇಳಬಹುದು. ಸಾಲ ಮಾಡಿ ಕಡಲು ದಾಟಿದವರ ಈ ಭಯ ಸುಳ್ಳಲ್ಲ. ನಿಜ ಹೇಳಿದವರೆಲ್ಲ ಉಳಿಯುತ್ತಾರೆಂಬ ಭರವಸೆಯೂ ಇಲ್ಲ. ಕೆಲವು ಅಪರಾಧಗಳು ಈ ಕಾಯಕಕ್ಕೆ ಸಲ್ಲವು. ಆದರೂ ವೃತ್ತಿಸಂಘದ, ವಕೀಲರ ನೆರವು ಪಡೆದು ಇದ್ದುದನ್ನು ಇದ್ದಂತೆ ಒಪ್ಪಿಕೊಳ್ಳುವುದೇ ಲೇಸೆಂಬುದು ನಮ್ಮ ಅಭಿಮತ. ಔಷಧ ಕೊಡುವಲ್ಲಿ ತಪ್ಪಾದಾಗ ಕೂಡಲೇ ಹೇಳುವ ಧೈರ್ಯವೇ ರೋಗಿಯ ಪ್ರಾಣ ಉಳಿಸುವುದು. ತನ್ನ ತಪ್ಪನ್ನು ಅಡಗಿಸುವ ಅಭ್ಯಾಸವುಳ್ಳವರಲ್ಲಿ ಆ ಧೈರ್ಯ ಎಲ್ಲಿಂದ ಬಂದೀತು?

ಹನ್ನೆರಡನೆಯ ಶತಮಾನದ ಕನ್ನದ ಮಾರಿತಂದೆ ಮೊದಲು ಕಳವನ್ನೇ ವೃತ್ತಿಯಾಗಿಸಿಕೊಂಡಿದ್ದನೆಂದು ಪರಂಪರೆ ಹೇಳುತ್ತದೆ. ಶರಣನಾದ ಮೇಲೂ "ಕನ್ನ"ವೆಂಬುದು ಆತನ ಹೆಸರಿನಲ್ಲಿ ಉಳಿಯಿತು. ಹಿಂದಿನದನ್ನು ಅಳಿಸದೆಯೇ ಆತ ಬೇರೆಯವನಾದ. ಶರಣರು ಅವನನ್ನು ತಮ್ಮವನೆಂದರು.

ಆದ್ದರಿಂದ ಹೊಣೆ ಇಬ್ಬರದೂ ಇದೆ. ತಪ್ಪಿದವರು ಮರೆಮಾಚಬಾರದು. ಶಿಕ್ಷೆ ಮುಗಿಸಿ, ತಿದ್ದಿಕೊಂಡು ಕಾಯಕಕ್ಕೆ ಮರಳಿದವರನ್ನು ನಾವು ಹಳೆಯ ಹೆಸರಿನಿಂದ ಹಂಗಿಸಬಾರದು.