ಗ್ರೂಪ್‌ಗೆ ಬಾಟ್ ಸೇರಿಸಿದರೆ ಸುಳ್ಳು ಸುದ್ದಿ ನಿಲ್ಲುತ್ತದೆಯೇ?

"ನಿಮ್ಮ ಗ್ರೂಪ್‌ಗೆ ಒಂದು ಬಾಟ್ ಸೇರಿಸಿ, ಫೇಕ್ ಮೆಸೇಜ್ ತಾನಾಗಿಯೇ ಡಿಲೀಟ್ ಆಗುತ್ತದೆ" ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಇದು ಎಷ್ಟು ನಿಜ? ಹಾಸನ ಜಿಲ್ಲೆ ಇತ್ತೀಚೆಗೆ ಕಂಡ ಎರಡು ಘಟನೆಗಳನ್ನು ಮುಂದಿಟ್ಟುಕೊಂಡು ನೋಡೋಣ.

ಬಾಟ್ ಎಂದರೇನು?

ಬಾಟ್ ಎಂದರೆ ಗ್ರೂಪ್‌ನಲ್ಲಿ ಸದಸ್ಯನಂತೆ ಇರುವ, ಆದರೆ ಮನುಷ್ಯನಲ್ಲದ ಒಂದು ಪ್ರೋಗ್ರಾಂ. ಟೆಲಿಗ್ರಾಂ 2015ರಲ್ಲಿ ಇದಕ್ಕೆ ಅವಕಾಶ ಕೊಟ್ಟಿತು. ಬಾಟ್ ಅನ್ನು ಅಡ್ಮಿನ್ ಮಾಡಿದ ಮೇಲೆ, ಓರೆಗೆರೆ (/) ಹಾಕಿ ಇಂಗ್ಲಿಷ್‌ನಲ್ಲಿ 'ವಾರ್ನ್' ಎಂದು ಬರೆದರೆ ಎಚ್ಚರಿಕೆ ಹೋಗುತ್ತದೆ. 'ಮ್ಯೂಟ್' ಎಂದರೆ ಆ ಸದಸ್ಯರು ಮೆಸೇಜ್ ಹಾಕಲಾಗದು. 'ಬ್ಯಾನ್' ಎಂದರೆ ಗ್ರೂಪ್‌ನಿಂದ ಹೊರಗೆ. ಲಿಂಕ್, ಫಾರ್ವರ್ಡ್, ವಿಡಿಯೊ ಅಥವಾ ನಿರ್ದಿಷ್ಟ ಪದ ಬಂದ ಕೂಡಲೇ ಅಳಿಸುವಂತೆಯೂ ಹೇಳಿಡಬಹುದು. ಎರಡು ಲಕ್ಷ ಜನರವರೆಗೆ ಸೇರಬಹುದಾದ ಟೆಲಿಗ್ರಾಂ ಗ್ರೂಪ್‌ಗಳನ್ನು ಕೈಯಿಂದಲೇ ನಿಭಾಯಿಸುವುದು ಕಷ್ಟ. ಅಲ್ಲಿ ಬಾಟ್ ಬೇಕೇ ಬೇಕು.

ಎಲ್ಲಿ ಕೆಲಸ ಮಾಡುತ್ತದೆ?

2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಪೆನ್‌ಡ್ರೈವ್‌ಗಳ ಮೂಲಕ ಅಶ್ಲೀಲ ವಿಡಿಯೊಗಳು ಹರಿದಾಡಿ, ಅಲ್ಲಿಂದ ಮೊಬೈಲ್‌ಗಳಿಗೆ ಬಂದವು. ಹೊಳೆನರಸೀಪುರದ ಠಾಣೆಯಲ್ಲಿ ದೂರು ದಾಖಲಾಯಿತು, ಸರ್ಕಾರ ಎಸ್‌ಐಟಿ ರಚಿಸಿತು. ವಿಡಿಯೊ ಇಟ್ಟುಕೊಳ್ಳುವುದು, ಹಂಚುವುದು ಅಪರಾಧ ಎಂದು ಎಸ್‌ಐಟಿ ಎಚ್ಚರಿಸಬೇಕಾಯಿತು. ಏಕೆಂದರೆ ಅದರಲ್ಲಿದ್ದದ್ದು ಸಂತ್ರಸ್ತ ಹೆಣ್ಣುಮಕ್ಕಳ ಮುಖ. ಅವರು ಇದೇ ಊರುಗಳಲ್ಲಿ ಬದುಕಬೇಕಾದವರು. ಲೈಂಗಿಕ ದೃಶ್ಯಗಳನ್ನು ರವಾನಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಂ ಪ್ರಕಾರ ಮೊದಲ ಸಲವೇ 5 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು.

ಇಂಥ ಹೊತ್ತಿನಲ್ಲಿ ಬಾಟ್ ನಿಜಕ್ಕೂ ಉಪಯುಕ್ತ. ವಿಡಿಯೊಗಳನ್ನೇ ಲಾಕ್ ಮಾಡಿದರೆ, ಅಡ್ಮಿನ್ ಮಲಗಿದ್ದರೂ ಮಧ್ಯರಾತ್ರಿ ಯಾರೋ ಹಾಕಿದ ವಿಡಿಯೊ ಕೂಡಲೇ ಅಳಿಸಿಹೋಗುತ್ತದೆ. ಅದರಲ್ಲಿ ಏನಿದೆ ಎಂದು ಬಾಟ್‌ಗೆ ಗೊತ್ತಾಗಬೇಕಿಲ್ಲ. ಅದು ವಿಡಿಯೊ ಎಂದು ಗೊತ್ತಾದರೆ ಸಾಕು.

ಎಲ್ಲಿ ಸೋಲುತ್ತದೆ?

ಇನ್ನು 2025ರ ಜೂನ್-ಜುಲೈ ನೆನಪಿಸಿಕೊಳ್ಳಿ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸಾಲು ಸಾಲು ಸಾವು ಎಂಬ ಸುದ್ದಿ ಹಬ್ಬಿತು. ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತೂ ಸೇರಿಕೊಂಡಿತು. ಗಾಬರಿಯಾದ ಜನ ತಪಾಸಣೆಗಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 4 ಸಾವುಗಳಿಗೆ ಹೃದಯದ ಕಾಯಿಲೆ ಕಾರಣವೇ ಆಗಿರಲಿಲ್ಲ. ಹೃದಯಾಘಾತಗಳು ಅಸಹಜವಾಗಿ ಏರಿಲ್ಲ ಎಂದು ವರದಿ ಹೇಳಿತು. ಲಸಿಕೆಗೂ ಹಠಾತ್ ಸಾವುಗಳಿಗೂ ನಂಟು ಕಂಡುಬಂದಿಲ್ಲ ಎಂದೂ ತಜ್ಞರು ಸ್ಪಷ್ಟಪಡಿಸಿದರು.

ಆ ದಿನಗಳಲ್ಲಿ ಅರಕಲಗೂಡಿನ ಒಂದು ಗ್ರೂಪ್‌ನಲ್ಲಿ ಬಾಟ್ ಇತ್ತು ಎಂದುಕೊಳ್ಳಿ. 'ಹೃದಯಾಘಾತ' ಎಂಬ ಪದವನ್ನು ತಡೆದರೆ ಸುಳ್ಳು ಮೆಸೇಜ್ ಜೊತೆಗೆ ವೈದ್ಯರ ಸಲಹೆಯೂ ಅಳಿಸಿಹೋಗುತ್ತದೆ. "ಅಣ್ಣನಿಗೆ ಎದೆನೋವು, ಯಾರಾದರೂ ಗಾಡಿ ತನ್ನಿ" ಎಂಬ ಮೆಸೇಜ್‌ಗೆ 'ಎದೆನೋವು' ಪದದ ಮೇಲಿನ ತಡೆ ಅಡ್ಡಬಂದರೆ? ಅತ್ತ ಅದೇ ವದಂತಿ ವಾಯ್ಸ್ ಮೆಸೇಜ್ ಆಗಿ ಅಥವಾ ಸ್ಕ್ರೀನ್‌ಶಾಟ್ ಆಗಿ ಬಂದರೆ ಪದ ನೋಡುವ ಬಾಟ್‌ಗೆ ಗೊತ್ತೇ ಆಗುವುದಿಲ್ಲ. ಇಂಥ ಬಾಟ್ ಮೆಸೇಜ್‌ನ ರೂಪ ನೋಡುತ್ತದೆ, ಸತ್ಯ ನೋಡುವುದಿಲ್ಲ.

ವಾಟ್ಸಾಪ್‌ಗೆ ಬಾಟ್ ಹಾಕಬಹುದೇ?

ಚನ್ನರಾಯಪಟ್ಟಣದ ತೆಂಗು ಬೆಳೆಗಾರರ ಗ್ರೂಪ್ ಇರಲಿ, ನಮ್ಮ ಮನೆಯವರ ಗ್ರೂಪ್ ಇರಲಿ, ಹೆಚ್ಚಿನವು ಇರುವುದು ವಾಟ್ಸಾಪ್‌ನಲ್ಲಿ. ಅಲ್ಲಿನ ಮಾಮೂಲಿ ಗ್ರೂಪ್‌ಗಳಿಗೆ ಟೆಲಿಗ್ರಾಂನಂತೆ ಬಾಟ್ ಅಡ್ಮಿನ್ ಸೇರಿಸುವ ಅಧಿಕೃತ ದಾರಿ ಇಲ್ಲ. ಹಾಗೆ ಮಾಡಿಕೊಡುತ್ತೇವೆ ಎನ್ನುವವರು ಸಾಮಾನ್ಯವಾಗಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸುತ್ತಾರೆ. ಸ್ಕ್ಯಾನ್ ಮಾಡಿದರೆ ನಿಮ್ಮ ಅಕೌಂಟ್ ಅವರ ಕಂಪ್ಯೂಟರ್‌ಗೆ ಲಿಂಕ್ ಆಗುತ್ತದೆ. ಗ್ರೂಪ್ ಮಾತ್ರವಲ್ಲ, ನಿಮ್ಮ ಖಾಸಗಿ ಮಾತುಕತೆಯನ್ನೂ ಅವರು ಓದಬಹುದು. ನಿಮ್ಮ ನಂಬರ್ ಅನ್ನು ವಾಟ್ಸಾಪ್ ಬ್ಯಾನ್ ಮಾಡಲೂಬಹುದು.

ಬಾಟ್ ಇಲ್ಲದೆಯೂ ವಾಟ್ಸಾಪ್‌ನಲ್ಲಿ ಕೆಲವು ಉಪಾಯಗಳಿವೆ. ಅಡ್ಮಿನ್ ಯಾರದೇ ಮೆಸೇಜ್ ಅನ್ನು ಎಲ್ಲರಿಗೂ ಕಾಣದಂತೆ ಅಳಿಸಬಹುದು. ಗಲಾಟೆಯ ಹೊತ್ತಿನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಮಾಡಬಹುದು. ಮೆಸೇಜ್ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದಿದೆ ಎಂದರ್ಥ. 2018ರ ಜುಲೈನಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗುಂಪೊಂದು ಹೈದರಾಬಾದ್‌ನ ಯುವಕನನ್ನು ಕೊಂದಿತು. ದೇಶದಲ್ಲಿ ಇಂಥ ಹತ್ಯೆಗಳು ಹೆಚ್ಚಿದ್ದರಿಂದ ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಅನ್ನು 5 ಚಾಟ್‌ಗಳಿಗೆ ಮಿತಿಗೊಳಿಸಿತು.

ದೊಡ್ಡಪ್ಪನಿಗೆ ಹೇಳುವವರು ಯಾರು?

ತೈವಾನ್‌ನಲ್ಲಿ ಲೈನ್ ಎಂಬ ಆಪ್‌ನ ಕುಟುಂಬದ ಗ್ರೂಪ್‌ಗಳಿಗೆ 'ಮೇಯ್ಯು ಆಂಟಿ' ಎಂಬ ಬಾಟ್ ಸೇರಿಸಿಕೊಳ್ಳುತ್ತಾರೆ. ಮನುಷ್ಯರು ಮೊದಲೇ ಪರಿಶೀಲಿಸಿಟ್ಟ ಸುಳ್ಳು ಸುದ್ದಿ ಗ್ರೂಪ್‌ಗೆ ಬಂದರೆ ಅದು ತಾನೇ ಹೇಳುತ್ತದೆ. ಮನೆಯ ಹಿರಿಯರನ್ನು ತಿದ್ದುವ ಮುಜುಗರ ಯಾರಿಗೂ ಇರುವುದಿಲ್ಲ. ಗಮನಿಸಿ, ಅಲ್ಲಿಯೂ ಪರಿಶೀಲನೆ ಮಾಡಿದ್ದು ಮನುಷ್ಯರೇ.

ನಮ್ಮಲ್ಲಿ "ದೊಡ್ಡಪ್ಪ, ಇದು ಸರಿಯಿಲ್ಲ ಅನ್ಸುತ್ತೆ, ಒಮ್ಮೆ ನೋಡಿ" ಎಂದು ಗ್ರೂಪ್‌ನಲ್ಲಿ ಅಲ್ಲ, ಅವರಿಗೊಬ್ಬರಿಗೇ ಮೆಸೇಜ್ ಮಾಡಬಹುದು. ಅವರ ಮರ್ಯಾದೆಯೂ ಉಳಿಯುತ್ತದೆ, ಸುಳ್ಳೂ ಅಲ್ಲಿಗೇ ನಿಲ್ಲಬಹುದು.

ನಿಜಾಂಶ: ಬಾಟ್ ಸ್ಪ್ಯಾಮ್, ಲಿಂಕ್ ಮತ್ತು ವಿಡಿಯೊಗಳನ್ನು ತಡೆಯಬಲ್ಲದು. ಸುದ್ದಿ ಸುಳ್ಳೋ ನಿಜವೋ ಎಂದು ತಾನಾಗಿ ತೀರ್ಮಾನಿಸಲಾರದು. ಫಾರ್ವರ್ಡ್ ಒತ್ತುವ ಮುನ್ನ ಆ ಕೆಲಸ ನಾವೇ ಮಾಡಬೇಕು.