ಕಾರಿನ ಎಸಿ ಕಂಪ್ರೆಸರ್: ಮನೆಯಲ್ಲೇ ಬದಲಿಸಬಹುದೇ?

ಚೆನ್ನೈಯಲ್ಲಿ ಕಾರಿನ ಎಸಿ ಕೈಕೊಡುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಅದಕ್ಕೆ ಕಾರಣವಿದೆ. ಹೊರಗಿನ ಗಾಳಿ ಕಾದಷ್ಟೂ ಕಂಡೆನ್ಸರ್ ತನ್ನ ಶಾಖವನ್ನು ಹೊರಹಾಕಲು ಒದ್ದಾಡುತ್ತದೆ, ಗ್ಯಾಸಿನ ಒತ್ತಡ ಏರುತ್ತದೆ. ಆ ಒತ್ತಡದ ಎದುರು ದುಡಿಯಬೇಕಾದದ್ದು ಕಂಪ್ರೆಸರ್. ಮೊದಲೇ ಸವೆದಿದ್ದರೆ ಅದು ಸೋಲುವುದು ಆಗಲೇ. ಮೇ ಮೊದಲ ವಾರದಿಂದ ತಿಂಗಳ ಕೊನೆಯವರೆಗೆ ಇಲ್ಲಿ ಅಗ್ನಿ ನಕ್ಷತ್ರದ ಬಿಸಿಲು. 2003ರ ಮೇ 31ರಂದು ನಗರದ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಉಡುಪಿ ಕಡೆಯಿಂದ ಬಂದ ಕೆ. ಕೃಷ್ಣರಾಯರು 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್ ಇನ್‌ನಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿ, ಗಾಜು ಇಳಿಸಿ, ಒಳಗೇ ಕುಳಿತು ದೋಸೆ ತಿನ್ನುತ್ತಿದ್ದ ತಲೆಮಾರಿಗೆ ಈ ಚಿಂತೆ ಇರಲಿಲ್ಲ. ಆ ಹೋಟೆಲು 2008ರಲ್ಲಿ ಮುಚ್ಚಿತು. ಈಗಿನ ಕಾರುಗಳಲ್ಲಿ ಗಾಜು ಇಳಿಸಿಕೊಂಡು ಮೇ ತಿಂಗಳ ಮೌಂಟ್ ರೋಡಿನಲ್ಲಿ ನಿಂತವರಿಗೆ ಎಸಿ ಏಕೆ ಬೇಕೆಂದು ವಿವರಿಸಬೇಕಾಗಿಲ್ಲ.

‘ಕಂಪ್ರೆಸರ್ ಹೋಗಿದೆ’ ಎಂದು ಮೆಕ್ಯಾನಿಕ್ ಹೇಳಿ ಅಂದಾಜು ಖರ್ಚು ಬರೆದುಕೊಟ್ಟಾಗ, ಇದನ್ನು ನಾವೇ ಮಾಡಿದರೆ ಹೇಗೆ ಎಂಬ ಯೋಚನೆ ಬರುವುದು ಸಹಜ. ಅಮೆರಿಕದಲ್ಲಿರುವ ನೆಂಟರು ಮನೆ ಮುಂದೆಯೇ ಬದಲಿಸಿಕೊಂಡ ಸುದ್ದಿ ಪ್ರತಿ ಮನೆಯಲ್ಲೂ ಇರುತ್ತದೆ. ಅಲ್ಲಿನ ಲೆಕ್ಕ ಬೇರೆ. ಗ್ಯಾರೇಜಿನ ಕೂಲಿ ಗಂಟೆಗಿಷ್ಟು ಎಂದು ನೂರಾರು ಡಾಲರ್ ಏರುತ್ತದೆ. ಬಿಡಿಭಾಗದ ಅಂಗಡಿಗಳೇ ಠೇವಣಿ ಇಟ್ಟುಕೊಂಡು ವ್ಯಾಕ್ಯೂಮ್ ಪಂಪ್, ಗೇಜುಗಳನ್ನು ಎರವಲು ಕೊಡುತ್ತವೆ. ಮನೆಗೆ ಅಂಟಿದ ಶೆಡ್ಡು ಇರುತ್ತದೆ. ನಮ್ಮಲ್ಲಿ ಸಣ್ಣ ಕಾರಿನ ಹೊಸ ಕಂಪ್ರೆಸರಿಗೂ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚು ತೆರಬೇಕು. ಬಿಚ್ಚಿ ಜೋಡಿಸುವ ಕೂಲಿ ಅದರ ಪಕ್ಕದಲ್ಲಿ ಸಣ್ಣದು. ಆದ್ದರಿಂದ ಹಣ ಉಳಿಯುತ್ತದೆ ಎಂಬ ಒಂದೇ ಆಸೆಯಿಂದ ಸ್ಪ್ಯಾನರ್ ಹಿಡಿದವರಿಗೆ ಚೆನ್ನೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಹಾಗೆಂದು ಮನೆಯ ಕೆಲಸದ ಪರ ವಾದ ಅಲ್ಲಿಗೇ ಮುಗಿಯುವುದಿಲ್ಲ. ಅದರ ದೊಡ್ಡ ಬಲ ಇರುವುದು ಬದಲಿಸುವುದರಲ್ಲಿ ಅಲ್ಲ, ಬದಲಿಸಬೇಕೇ ಎಂದು ನೋಡುವುದರಲ್ಲಿ. ಕಂಪ್ರೆಸರ್ ಹೋಗಿದೆ ಎನ್ನುವಾಗ ಎಷ್ಟೋ ಸಲ ಹೋಗಿರುವುದು ಅದರ ಮುಂದಿರುವ ಕ್ಲಚ್. ಪುಲ್ಲಿಯ ಬೇರಿಂಗ್ ಸವೆದು ಕಿರುಗುಟ್ಟಬಹುದು. ಕ್ಲಚ್ಚಿನ ಕಾಯಿಲ್ ಸುಟ್ಟಿರಬಹುದು. ಕ್ಲಚ್ ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿ ಇರಬೇಕು. ಸವೆದು ಅಗಲವಾದರೆ ಬೆಳಿಗ್ಗೆ ಹಿಡಿಯುವ ಕ್ಲಚ್ ಮಧ್ಯಾಹ್ನದ ಬಿಸಿಗೆ ಹಿಡಿಯುವುದಿಲ್ಲ. ಇವನ್ನೆಲ್ಲ ಒಂದು ಮಲ್ಟಿಮೀಟರ್, ಒಂದು ಫೀಲರ್ ಗೇಜ್ ಇದ್ದರೆ ಮನೆಯಲ್ಲೇ ನೋಡಬಹುದು. ಕಾಯಿಲ್ ಸರಿಯಿದ್ದರೆ ಸಾಮಾನ್ಯವಾಗಿ ಮೂರರಿಂದ ಐದು ಓಮ್ ತೋರಿಸುತ್ತದೆ. ಎಸಿ ಹಾಕಿದಾಗ ಅದಕ್ಕೆ 12 ವೋಲ್ಟ್ ಬರುತ್ತಿಲ್ಲವೆಂದರೆ ತಪ್ಪು ರಿಲೇಯಲ್ಲೋ ಪ್ರೆಷರ್ ಸ್ವಿಚ್ಚಿನಲ್ಲೋ ಇದೆ, ಅಥವಾ ಗ್ಯಾಸೇ ಕಡಿಮೆಯಾಗಿದೆ. ಅವಸರದಲ್ಲಿರುವ ಅಂಗಡಿಗೆ ಇಡೀ ಕಂಪ್ರೆಸರ್ ಬದಲಿಸುವುದು ಸುಲಭ. ಕಾರಿನ ಒಡೆಯನಿಗೆ ಪರೀಕ್ಷಿಸಲು ಪುರುಸೊತ್ತಿದೆ.

ಎರಡನೆಯದು ಎಣ್ಣೆಯ ಮಾತು. ಹಳೆಯ ಕಂಪ್ರೆಸರನ್ನು ಕಳಚಿ, ತಲೆಕೆಳಗು ಮಾಡಿ, ಕೈಯಿಂದ ತಿರುಗಿಸುತ್ತಾ ಒಳಗಿನ ಎಣ್ಣೆಯನ್ನು ಅಳತೆಯ ಲೋಟಕ್ಕೆ ಬಸಿಯಬೇಕು. ಎಷ್ಟು ಮಿಲಿಲೀಟರ್ ಬಂತೋ ಅದನ್ನು ನೋಡಿಕೊಂಡೇ ಹೊಸದರಲ್ಲಿ ಎಷ್ಟು ಇರಬೇಕೆಂದು ತೀರ್ಮಾನಿಸುವುದು, ಏಕೆಂದರೆ ಉಳಿದ ಎಣ್ಣೆ ಪೈಪು, ಕಂಡೆನ್ಸರ್, ಕೂಲಿಂಗ್ ಕಾಯಿಲ್‌ಗಳಲ್ಲಿ ಹರಡಿಕೊಂಡಿರುತ್ತದೆ. ಹೆಚ್ಚಾದರೆ ತಂಪು ಇಳಿಯುತ್ತದೆ, ಕಡಿಮೆಯಾದರೆ ಹೊಸ ಕಂಪ್ರೆಸರ್ ಒಣಗಿ ಸಾಯುತ್ತದೆ. ಲೋಟದಲ್ಲಿ ಬಿದ್ದ ಎಣ್ಣೆಯನ್ನು ಬೆಳಕಿಗೆ ಹಿಡಿದು ನೋಡಿ. ತಿಳಿಯಾಗಿದ್ದರೆ ಒಳ್ಳೆಯದು. ಕಪ್ಪಾಗಿ, ಅದರಲ್ಲಿ ಲೋಹದ ಪುಡಿ ಮಿನುಗುತ್ತಿದ್ದರೆ ಹಳೆಯ ಕಂಪ್ರೆಸರ್ ತನ್ನನ್ನೇ ಅರೆದುಕೊಂಡಿದೆ, ಆ ಪುಡಿ ಪೈಪುಗಳಲ್ಲೆಲ್ಲ ಓಡಾಡಿದೆ ಎಂದರ್ಥ. ಆಗ ತೇವ ಹೀರುವ ಡ್ರೈಯರ್, ಎಕ್ಸ್‌ಪಾನ್ಷನ್ ವಾಲ್ವ್ ಬದಲಿಸಲೇಬೇಕು. ಈಗಿನ ಕಂಡೆನ್ಸರುಗಳ ಕೂದಲೆಳೆಯಂಥ ದಾರಿಗಳನ್ನು ತೊಳೆದು ಶುದ್ಧಮಾಡಲು ಆಗದ ಕಾರಣ ಅದನ್ನೂ ಬದಲಿಸಬೇಕು. ಇಷ್ಟು ಮಾಡದೆ ಹೊಸ ಕಂಪ್ರೆಸರ್ ಕೂರಿಸಿದರೆ ಅದೂ ಹೆಚ್ಚು ದಿನ ಬಾಳುವುದಿಲ್ಲ. ಲೋಟಕ್ಕೆ ಬಸಿದು ನೋಡುವ ತಾಳ್ಮೆ ಮನೆಯಲ್ಲಿ ಇರುತ್ತದೆ; ಸಾಲುಗಟ್ಟಿ ಕಾರು ನಿಂತ ಅಂಗಡಿಯಲ್ಲಿ ಎಲ್ಲ ಸಲವೂ ಇರುವುದಿಲ್ಲ.

ಸಾಮಾನಿಗೆ ಈ ಊರಿನಲ್ಲಿ ಕೊರತೆಯಿಲ್ಲ. ಹೊಸದಕ್ಕೆ ಜಿ.ಪಿ. ರೋಡು, ಬಿಚ್ಚಿದ ಕಾರಿನ ಹಳೆಯ ಭಾಗಕ್ಕೆ ಕೂವಂ ದಡದ ಪುದುಪೇಟೆ. ಪುದುಪೇಟೆಯ ವ್ಯಾಪಾರಿಗಳ ಕೈ ಪಳಗಿದ್ದು. ನಿಮ್ಮ ಕಾರಿನ ಮಾದರಿ, ವರ್ಷ ಹೇಳಿದರೆ ಕಂಪ್ರೆಸರ್ ತಂದಿಡುತ್ತಾರೆ. ಹಳೆಯದರ ಬೆಲೆ ಮನಸ್ಸಿಗೆ ಹಿತವಾಗಿಯೇ ಇರುತ್ತದೆ. ಆದರೆ ಅದರ ಬಾಯಿಗೆ ಮುಚ್ಚಳ ಹಾಕಿಟ್ಟಿದ್ದರೇ, ಇಲ್ಲ ಮಳೆಗಾಲವಿಡೀ ಬಾಯಿತೆರೆದು ಬಿದ್ದಿತ್ತೇ ಎಂದು ಮೊದಲು ನೋಡಿ. ತೆರೆದು ಬಿದ್ದ ಕಂಪ್ರೆಸರನ್ನು ನಾನು ಕೊಳ್ಳಲಾರೆ.

ಇನ್ನು ಎದುರು ಪಕ್ಷ. ನನ್ನ ಮಟ್ಟಿಗೆ ಇಲ್ಲಿ ತೂಕ ಹೆಚ್ಚು, ಏಕೆಂದರೆ ಇದು ನಮ್ಮ ಕಾರಿನ ಆಚೆಗೂ ಹೋಗುವ ವಿಷಯ. ಕಂಪ್ರೆಸರಿನ ಪೈಪು ಬಿಚ್ಚುವ ಮೊದಲು ಒಳಗಿನ ಗ್ಯಾಸನ್ನು ಎಲ್ಲಿಗಾದರೂ ಕಳಿಸಬೇಕು. ನಮ್ಮ ಬಹುಪಾಲು ಕಾರುಗಳಲ್ಲಿರುವುದು ಆರ್-134ಎ. ಎಂಜಿನ್ ನಿಂತಿರುವಾಗಲೂ, 35 ಡಿಗ್ರಿ ಬಿಸಿಯಲ್ಲಿ ಅದರ ಒತ್ತಡ ವಾತಾವರಣಕ್ಕಿಂತ ಎಂಟೊಂಬತ್ತು ಪಟ್ಟು. ಹೊರಗೆ ಬಿಟ್ಟರೆ ಅದು ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತದೆ. ಚರ್ಮಕ್ಕೆ ತಗುಲಿದರೆ ಹಿಮದ ಸುಟ್ಟಗಾಯ, ಕಣ್ಣಿಗೆ ತಗುಲಿದರೆ ದೃಷ್ಟಿಗೇ ಅಪಾಯ. ಇಷ್ಟಕ್ಕೆ ಕನ್ನಡಕ, ಕೈಗವಸು ಇವೆ ಅನ್ನೋಣ. ಗಾಳಿಗೆ ಸೇರಿದ ಗ್ಯಾಸಿಗೆ ಏನು ಮಾಡುವುದು? ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಆರ್-134ಎ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಸಣ್ಣ ಕಾರಿನಲ್ಲಿ 400 ಗ್ರಾಂ ಇದೆಯೆಂದುಕೊಳ್ಳಿ. ಅದನ್ನು ಹೊರಗೆ ಬಿಟ್ಟರೆ ಸುಮಾರು 570 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು. 250 ಲೀಟರಿನಷ್ಟು ಪೆಟ್ರೋಲ್ ಸುಟ್ಟಾಗ ಬರುವ ಹೊಗೆಗೆ ಅದು ಸಮ. ಒಂದು ನಿಮಿಷದ ಉಸ್ಸೆನ್ನುವ ಸದ್ದಿನಲ್ಲಿ ಅಷ್ಟೂ ಮುಗಿದುಹೋಗುತ್ತದೆ. ಗ್ಯಾಸನ್ನು ಹೀರಿ ಸಿಲಿಂಡರಿಗೆ ತುಂಬಿಕೊಳ್ಳುವ ರಿಕವರಿ ಯಂತ್ರ ಒಂದು ಕಾರಿಗಾಗಿ ಯಾರೂ ಕೊಳ್ಳುವಂಥದ್ದಲ್ಲ.

ಆಮೇಲೆ ತೇವ. ಕಂಪ್ರೆಸರಿಗೆ ಹಾಕುವ ಪ್ಯಾಗ್ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಕಡಲಂಚಿನ ಈ ಊರಿನಲ್ಲಿ ಡಬ್ಬಿ ತೆರೆದಿಟ್ಟು ಊಟಕ್ಕೆ ಎದ್ದು ಹೋಗುವಂತಿಲ್ಲ. ಒಳಗೆ ಉಳಿದ ನೀರು ಗ್ಯಾಸು, ಎಣ್ಣೆಗಳ ಜೊತೆ ಸೇರಿ ಆಮ್ಲವಾಗಿ ಲೋಹ ತಿನ್ನುತ್ತದೆ, ಎಕ್ಸ್‌ಪಾನ್ಷನ್ ವಾಲ್ವಿನ ಬಾಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಜೋಡಣೆ ಮುಗಿದ ಮೇಲೆ ಪಂಪ್ ಹಾಕಿ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ವ್ಯಾಕ್ಯೂಮ್ ಎಳೆಯುವುದು ಇದಕ್ಕಾಗಿ. ಒತ್ತಡ ಇಳಿದಾಗ ನೀರು ಊರಿನ ಬಿಸಿಗೇ ಕುದಿದು ಆವಿಯಾಗಿ ಹೋಗುತ್ತದೆ. ಅನಂತರ ಪಂಪ್ ನಿಲ್ಲಿಸಿ, ಗೇಜಿನ ಮುಳ್ಳು ಕದಲುವುದೇ ಎಂದು ಕಾದು ನೋಡಬೇಕು. ಕದಲಿದರೆ ಎಲ್ಲೋ ಸೋರಿಕೆಯಿದೆ.

ಗ್ಯಾಸಿನ ಡಬ್ಬಿಯದು ಬೇರೆ ಅಪಾಯ. ಎಂಜಿನ್ ಓಡುವಾಗ ಹೆಚ್ಚು ಒತ್ತಡದ ಕಡೆಗೆ ಡಬ್ಬಿ ತೆರೆದರೆ ಗ್ಯಾಸ್ ಹಿಂದಕ್ಕೆ ನುಗ್ಗಿ ಡಬ್ಬಿಯೇ ಸಿಡಿಯಬಹುದು. ಅಗ್ಗದ ಡಬ್ಬಿಯಲ್ಲಿ ಕಲಬೆರಕೆಯ ಭಯವೂ ಇದೆ. ಆರ್-134ಎ ಹೆಸರಿನಲ್ಲಿ ಬೆರೆಸುವ ಮೀಥೈಲ್ ಕ್ಲೋರೈಡ್ ಅಲ್ಯುಮಿನಿಯಂ ಜೊತೆ ಸೇರಿ ಗಾಳಿ ಸೋಕಿದರೆ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. 2011ರಲ್ಲಿ ಹಡಗಿನ ಶೀತಲ ಕಂಟೇನರುಗಳು ಸಿಡಿದು ಕೆಲಸಗಾರರು ಸತ್ತದ್ದು ಇಂಥ ಗ್ಯಾಸಿನಿಂದ. ಹೈಬ್ರಿಡ್, ವಿದ್ಯುತ್ ಕಾರುಗಳ ಮಾತಿಗೆ ಚರ್ಚೆಯೇ ಬೇಡ. ಅವುಗಳ ಕಂಪ್ರೆಸರ್ ಸಾಮಾನ್ಯವಾಗಿ ಓಡುವುದು ನೂರಾರು ವೋಲ್ಟಿನಲ್ಲಿ, ಎಣ್ಣೆಯೂ ಬೇರೆ. ಕಿತ್ತಳೆ ಬಣ್ಣದ ವೈರು ಕಂಡಲ್ಲಿ ಮನೆಯವರು ಕೈ ಹಾಕಲೇಬಾರದು.

ಇಷ್ಟು ಓದಿದವರು ‘ಹಾಗಾದರೆ ಅಂಗಡಿಗೇ ಕೊಡೋಣ’ ಎನ್ನಬಹುದು. ಆದರೆ ಅಂಗಡಿಯೆಂದರೆ ಎಲ್ಲವೂ ಒಂದೇ ಅಲ್ಲ. ಹಳೆಯ ಫ್ರಿಜ್ಜಿನ ಕಂಪ್ರೆಸರನ್ನೇ ವ್ಯಾಕ್ಯೂಮ್ ಪಂಪ್ ಮಾಡಿಕೊಂಡವರಿದ್ದಾರೆ. ಗ್ಯಾಸನ್ನು ತೂಗದೆ ಗೇಜು ನೋಡಿ ಅಂದಾಜಿನ ಮೇಲೆ ತುಂಬುವವರಿದ್ದಾರೆ. ಹಳೆಯ ಗ್ಯಾಸನ್ನು ಬೀದಿಗೇ ಬಿಡುವವರೂ ಇದ್ದಾರೆ. ಈ ಕೊರತೆ ಸರ್ಕಾರಕ್ಕೂ ಗೊತ್ತಿದ್ದದ್ದೇ: 2019ರ ಭಾರತ ಶೈತ್ಯ ಕ್ರಿಯಾ ಯೋಜನೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ, ಪ್ರಮಾಣಪತ್ರ ಕೊಡಬೇಕೆಂಬ ಗುರಿ ಇಟ್ಟುಕೊಂಡಿತ್ತು. ಗ್ಯಾಸಿನ ಬಳಕೆಗೂ ಕಡಿವಾಣ ಬೀಳುತ್ತಿದೆ: ಯೂರೋಪಿನಲ್ಲಿ 2017ರಿಂದ ಹೊಸ ಕಾರುಗಳಲ್ಲಿ ಆರ್-134ಎ ಬಳಸುವಂತಿಲ್ಲ. ಕಿಗಾಲಿಯ ಅಂತರರಾಷ್ಟ್ರೀಯ ಒಪ್ಪಂದದಂತೆ ನಾವು 2028ರಲ್ಲಿ ಇಂಥ ಗ್ಯಾಸುಗಳ ಪ್ರಮಾಣವನ್ನು ಏರದಂತೆ ಹಿಡಿದು, 2032ರಿಂದ ಇಳಿಸಬೇಕು. ಗ್ಯಾಸ್ ಬೀದಿಗೆ ಬಿಡುವ ಅಂಗಡಿಯೂ ಮನೆಯಲ್ಲಿ ಬಿಡುವವನೂ ಮಾಡುವ ಹಾನಿ ಒಂದೇ. ಅಂಗಡಿ ಅದನ್ನು ಹೆಚ್ಚು ಕಾರುಗಳಿಗೆ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ನನ್ನ ತೀರ್ಪು ಹೀಗೆ. ಏನು ಕೆಟ್ಟಿದೆ ಎಂಬ ಪರೀಕ್ಷೆ, ಸಾಮಾನಿನ ಆಯ್ಕೆ, ಕ್ಲಚ್ಚಿನ ರಿಪೇರಿ ಇವನ್ನು ಕೈಯಲ್ಲಿ ಕಸುಬಿರುವವರು ಮನೆಯಲ್ಲೇ ಮಾಡಿ. ಜಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಮಾತ್ರ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಫ್ಲ್ಯಾಟಿನ ಪಾರ್ಕಿಂಗಿನಲ್ಲಾದರೆ ಎಣ್ಣೆ ನೆಲಕ್ಕೆ ಬೀಳದಂತೆ ಟ್ರೇ ಇಡಿ. ಕಂಪ್ರೆಸರನ್ನೇ ಬದಲಿಸಬೇಕಾದರೆ ಮೊದಲು ಅಂಗಡಿಯಲ್ಲಿ ಗ್ಯಾಸ್ ತೆಗೆಸಿಕೊಂಡು ಬನ್ನಿ, ಹೊಸ ಓ-ರಿಂಗು, ಹೊಸ ಡ್ರೈಯರ್ ಹಾಕಿ ಜೋಡಿಸಿ, ಎಸಿ ಹಾಕದೆ ಓಡಿಸಿಕೊಂಡು ಹೋಗಿ ವ್ಯಾಕ್ಯೂಮ್ ಮಾಡಿಸಿ, ತೂಗಿ ಗ್ಯಾಸ್ ತುಂಬಿಸಿ. ಇದು ಕ್ಲಚ್ ಇರುವ ಕಂಪ್ರೆಸರಿಗೆ ಹೇಳಿದ ಮಾತು. ಕ್ಲಚ್ ಇಲ್ಲದ ಹೊಸ ಮಾದರಿಗಳು ಬೆಲ್ಟಿನ ಜೊತೆ ಸದಾ ತಿರುಗುತ್ತಿರುವುದರಿಂದ ಗ್ಯಾಸಿಲ್ಲದೆ ಓಡಿಸದಿರುವುದೇ ಲೇಸು; ಅವನ್ನು ಪೂರ್ತಿ ಅಂಗಡಿಗೇ ಬಿಡಿ. ಅಂಗಡಿ ಹುಡುಕುವಾಗ ಬೆಲೆಗಿಂತ ಮೊದಲು ರಿಕವರಿ ಯಂತ್ರ ಇದೆಯೇ ಎಂದು ಕೇಳಿ, ಇದ್ದರೆ ತೋರಿಸಲು ಹೇಳಿ. ಇಲ್ಲವೆಂದರೆ ಬೇರೆ ಅಂಗಡಿಗೆ ಹೋಗಿ.